ಧೋತರದ ತುಂಡು

ಖಾಜಾಸಾಬ್ ಡೀಸೆಲ್‌ನಲ್ಲಿ ಏನನ್ನೂ ಬೆರೆಸಿರಲಿಲ್ಲ. ಕರಜಗಿಯ ಸಾಹುಕಾರರ ಬಿಳಿ ಕಾರು ನಡುದಾರಿಯಲ್ಲಿ ಕೈಕೊಡುತ್ತಿದ್ದುದಕ್ಕೆ ಕಾರಣ ನಾನು. ಅದು ಗಾಳಿ ಎಳೆಯುವ ದಾರಿಗೆ ಬಟ್ಟೆ ಕಟ್ಟಿದವನು ನಾನು, ಆ ಬಟ್ಟೆಯನ್ನು ಹೊರಗೆ ತೆಗೆದವನೂ ನಾನು, ತೆಗೆದ ಮೇಲೆ ಬಾಯಿ ಮುಚ್ಚಿಕೊಂಡು ಕೂತವನೂ ನಾನೇ. ಇದನ್ನು ಈಗಾಗಲೇ ಇಬ್ಬರ ಎದುರಿಗೆ ಹೇಳಿದ್ದೇನೆ. ಆದರೆ ಖಾಜಾನ ಹೆಸರು ಕೆಟ್ಟದ್ದು ಇಬ್ಬರ ನಡುವೆ ಅಲ್ಲ. ಅಫಜಲಪುರದ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ಕರಜಗಿಯ ಕಟ್ಟೆಗಳ ಮೇಲೆ, ಡ್ರೈವರುಗಳು ಗಾಡಿ ನಿಲ್ಲಿಸುವ ಪ್ರತಿ ಬೇವಿನ ಮರದ ಕೆಳಗೆ ಕೆಟ್ಟಿತು. ಅಷ್ಟು ಮಂದಿಯ ಮನೆಗೆ ಹೋಗಿ ಹೇಳಲಾಗದು ಅಂತ ಬರೆಯುತ್ತಿದ್ದೇನೆ. ನಟ್ಟು ಬಿಚ್ಚುವ ಪಾನಾ ಹಿಡಿದ ಕೈ ಇದು, ಪೆನ್ನಿಗೆ ಒಗ್ಗಿದ್ದಲ್ಲ.

ಅಫಜಲಪುರದಿಂದ ಕಲಬುರಗಿಗೆ ಹೋಗುವ ರಸ್ತೆಯ ಬದಿಗೆ ನನ್ನ ಗ್ಯಾರೇಜು. ಕೆಲಸ ಕಲಿತದ್ದು ಆಳಂದದಲ್ಲಿ, ಉಸ್ತಾದರ ಕೈಕೆಳಗೆ. ಅವರು ಜೀಪಿನ ಕಾಲದವರು. ತೊಗರಿ ಒಕ್ಕುವ ರಾಶಿ ಶುರುವಾದರೆ ನಮ್ಮ ಕಡೆ ಆಕಾಶವೇ ಕಾಣದಷ್ಟು ಹೊಟ್ಟು, ಧೂಳು. ಹೊಲಕ್ಕೆ ಹೋಗುವ ಗಾಡಿಗಳ ಎಂಜಿನ್ನಿಗೆ ಆ ಧೂಳು ಹೋಗಬಾರದೆಂದು ಉಸ್ತಾದರು ಗಾಳಿ ಎಳೆಯುವ ಕೊಳವೆಯ ಬಾಯಿಗೆ ಹಳೆಯ ಧೋತರದ ತೆಳ್ಳನೆಯ ತುಂಡೊಂದನ್ನು ಕಟ್ಟುತ್ತಿದ್ದರು, ಮೇಲೆ ಸೈಕಲ್ ಟ್ಯೂಬು ಕತ್ತರಿಸಿ ಮಾಡಿದ ರಿಂಗು. ರಾಶಿ ಮುಗಿದ ಮೇಲೆ ಬಿಚ್ಚುವುದು. ಹುಳು ಹತ್ತಿದ ಹಿಟ್ಟನ್ನು ಜರಡಿ ಹಿಡಿದ ಹಾಗೆ ಅಷ್ಟೇ. ಜೀಪುಗಳು ಅದಕ್ಕೆ ಏನೂ ಅನ್ನುತ್ತಿರಲಿಲ್ಲ. ಉಸ್ತಾದರು ತೀರಿಹೋದ ಮೇಲೂ ಗಿರಾಕಿ ಕೇಳಲಿ ಬಿಡಲಿ, ರಾಶಿಯ ದಿನಗಳಲ್ಲಿ ಸರ್ವಿಸಿಗೆ ಬಂದ ಗಾಡಿಗೆ ನಾನು ಬಟ್ಟೆ ಕಟ್ಟಿಯೇ ಕಳಿಸುತ್ತಿದ್ದೆ. ಯಾರಿಗೂ ಹೇಳುತ್ತಿರಲಿಲ್ಲ, ಹೇಳುವಂಥದ್ದು ಅಂತ ಅನಿಸಿರಲೂ ಇಲ್ಲ.

ಸಾಹುಕಾರರ ಮನೆಯಲ್ಲಿ ಖಾಜಾ ಡ್ರೈವರ್. ಮೊದಲು ಅವರ ಜೀಪು ಓಡಿಸಿದ, ಆಮೇಲೆ ಆ ಬಿಳಿ ಕಾರು. ಸಾಹುಕಾರರ ಒಬ್ಬಳೇ ಮಗಳು ಸುವರ್ಣಾಳನ್ನು ಶಾಲೆಗೆ, ದೊಡ್ಡವಳಾದ ಮೇಲೆ ಕಲಬುರಗಿಯ ಕಾಲೇಜಿಗೆ ಕರೆದೊಯ್ದು ತಂದವನು ಅವನೇ. ಆಕೆ ಅವನಿಗೆ ಖಾಜಾ ಕಾಕಾ ಅನ್ನುವಳು. ರಂಜಾನಿನ ಉಪವಾಸದಲ್ಲಿ ಅವನು ಕಾರಿನಲ್ಲಿದ್ದರೆ ಆಕೆಯೂ ನೀರಿನ ಬಾಟಲಿ ಮುಟ್ಟುತ್ತಿರಲಿಲ್ಲವಂತೆ. ಇದನ್ನು ಅವನೇ ನನಗೆ ಎಷ್ಟೋ ಸಲ ಹೇಳಿದ್ದ. ನನಗೂ ಅವನಿಗೂ ಹಳೆಯ ದೋಸ್ತಿ. ನನ್ನನ್ನು ಮಿಸ್ತ್ರಿ ಅಂತಲೇ ಕರೆಯುತ್ತಿದ್ದ. ಗ್ಯಾರೇಜಿನ ಮುಂದೆ ಹಾದುಹೋಗುವಾಗ ಎರಡು ಸಲ ಹಾರ್ನ್ ಒತ್ತದೆ ಹೋದವನಲ್ಲ.

ಕಾರಿನ ಗ್ಯಾರಂಟಿ ಮುಗಿದ ಮೇಲೆ ಅದನ್ನು ನನ್ನ ಹತ್ತಿರ ತಂದದ್ದೂ ಖಾಜಾನೇ. 'ಕಲಬುರಗಿ ಶೋರೂಮಿಗಿಂತ ನಮ್ಮ ಮಿಸ್ತ್ರಿ ಕೈ ಚಲೋ ಅದ' ಎಂದು ಸಾಹುಕಾರರ ಮನಸ್ಸು ಒಲಿಸಿದವನು ಅವನು. ನನ್ನ ಅಂಗಳಕ್ಕೆ ಬಂದ ಮೊದಲ ಹೊಸ ನಮೂನೆಯ ಕಾರು ಅದು, ಮೈತುಂಬ ಸೆನ್ಸರುಗಳು. ನಾನು ಹೊಸದಾಗಿ ಸ್ಕ್ಯಾನರ್ ಬೇರೆ ಕೊಂಡಿದ್ದೆ. ಸಾಹುಕಾರರ ಕಾರು ನನ್ನಲ್ಲಿ ನಿಂತರೆ ಉಳಿದ ದೊಡ್ಡ ಮನೆಗಳ ಕಾರುಗಳೂ ಬರುತ್ತವೆ ಎಂಬ ಆಸೆ ಇತ್ತು. ಆಯಿಲ್ ಬದಲಿಸಿದೆ, ಫಿಲ್ಟರ್ ಹೊಸದು ಹಾಕಿದೆ. ರಾಶಿಯ ದಿನಗಳು ತಾನೆ — ಮುಂದಿನ ಜಾಲರಿಯ ಹಿಂದೆ ಕೈ ತೂರಿಸಿ, ಗಾಳಿ ಕೊಳವೆಯ ಬಾಯಿಗೆ ಧೋತರದ ತುಂಡು ಕಟ್ಟಿ, ಟ್ಯೂಬಿನ ರಿಂಗು ಏರಿಸಿದೆ. ಕೈ ತನ್ನಷ್ಟಕ್ಕೆ ತಾನು ಮಾಡಿದ ಕೆಲಸ. ಮನಸ್ಸಿಗೆ ಅದು ತಿಳಿಯಿತೋ ಇಲ್ಲವೋ.

ಕೆಲವು ದಿನಗಳ ಮೇಲೆ ಖಾಜಾ ಬಂದ. ಮುಖದಲ್ಲಿ ನಗು ಇರಲಿಲ್ಲ.

'ಮಿಸ್ತ್ರಿ, ಗಾಡಿ ನಡುವ ನಡುವ ಎಳ್ಯವಲ್ದು. ಜೋರ ಒತ್ತಿದ್ರ ದಮ್ಮ ಹತ್ತಿದ ಮುದುಕನಂಗ ಮಾಡ್ತದ. ಉಸಿರ ಸಿಗಂಗಿಲ್ಲ ಅದಕ. ಒಂದ ಲೈಟ ಹತ್ತತದ, ಆಮ್ಯಾಲ ಎಷ್ಟ ಒತ್ತಿದ್ರೂ ಅಷ್ಟ. ಬಂದ್ ಮಾಡಿ ಚಾಲೂ ಮಾಡಿದ್ರ ಮತ್ತ ಏನೂ ಆಗೇ ಇಲ್ಲ ಅನ್ನೋಹಂಗ ಹೋಗ್ತದ.'

ರೋಗವನ್ನು ಅವನು ಅಷ್ಟು ಬಿಚ್ಚಿ ಹೇಳಿದ್ದ. ಉಸಿರು ಸಿಗುವುದಿಲ್ಲ ಅಂದಿದ್ದ. ನಾನು ನಕ್ಕು, 'ಡ್ರೈವರ್ ಕೆಲಸ ನೀ ಮಾಡು, ಡಾಕ್ಟರ್ ಕೆಲಸ ನನಗ ಬಿಡು' ಅಂದೆ. ಅವನೂ ನಕ್ಕ.

ಸ್ಕ್ಯಾನರ್ ಹಚ್ಚಿದೆ. ಎಂಜಿನ್ನಿಗೆ ಬರಬೇಕಾದಷ್ಟು ಗಾಳಿ ಬರುತ್ತಿಲ್ಲ ಎಂದು ಅದೂ ಹೇಳಿತು. ಫಿಲ್ಟರ್ ಡಬ್ಬಿ ಬಿಚ್ಚಿದೆ. ಫಿಲ್ಟರ್ ಹೊಚ್ಚಹೊಸದರ ಹಾಗೆ ಬೆಳ್ಳಗಿತ್ತು. ರಾಶಿಯ ಧೂಳಿನಲ್ಲಿ ಓಡಾಡಿದ ಗಾಡಿಯ ಫಿಲ್ಟರ್ ಹಾಗಿರುವುದು ಹೇಗೆ ಎಂದು ಆ ಗಳಿಗೆಯಲ್ಲಿ ಕೇಳಿಕೊಂಡಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನನಗೆ ಖುಷಿಯಾಯಿತು — ಫಿಲ್ಟರ್ ಚಲೋ ಇದೆ, ಹಾಗಾದರೆ ಗಾಳಿ ಅಳೆಯುವ ಸೆನ್ಸರ್ ಸುಳ್ಳು ಹೇಳುತ್ತಿದೆ ಎಂದುಕೊಂಡೆ. ತೊಳೆದು ಹಾಕಿದೆ. ಮತ್ತೆ ಅದೇ ದೂರು ಬಂದಾಗ ಸೆನ್ಸರನ್ನೇ ಬದಲಿಸಿದೆ. ಡಬ್ಬಿಯಿಂದ ಎಂಜಿನ್ನಿನವರೆಗೆ ಒಂದೊಂದು ಪೈಪು ಮುಟ್ಟಿ ನೋಡಿದೆ. ಡಬ್ಬಿಯ ಮುಂದಿನ ಕೊಳವೆ ನೋಡಲಿಲ್ಲ. ಬರೀ ಗಾಳಿ ಬರುವ ತೂತು, ಅದರಲ್ಲಿ ಕೆಡುವುದೇನಿದೆ ಅಂತ.

ಒಬ್ಬನೇ ಕೂತು ಊರಾಚೆ ಓಡಿಸಿ ಬಂದೆ. ಮೀನಿನ ಹಾಗೆ ಹೋಯಿತು. 'ಹಂಗಲ್ಲೋ ಮಿಸ್ತ್ರಿ, ಮಂದಿ ಕೂಡಿಸಿ ಏರಿನ್ಯಾಗ ಒತ್ತಿ ನೋಡು' ಅಂದ ಖಾಜಾ. ಹೊರಗೆ ಗಿರಾಕಿಗಳು ಕಾಯುತ್ತಿದ್ದರು. ನಾನು ನೋಡಲಿಲ್ಲ.

ಆಮೇಲೆ ಆ ದಿನ ಬಂತು. ಸಾಹುಕಾರರ ಹೆಂಡತಿ ಮತ್ತು ಸುವರ್ಣಾ ಹಿಂದೆ ಕೂತಿದ್ದರು. ಚೌಡಾಪುರದ ಆಚೆ ಕಬ್ಬಿನ ಟ್ರ್ಯಾಕ್ಟರೊಂದು, ಎರಡು ಟ್ರೇಲರ್ ಎಳೆದುಕೊಂಡು, ಇಡೀ ರಸ್ತೆ ತನ್ನದೇ ಎಂಬಂತೆ ಹೋಗುತ್ತಿತ್ತು. ಎದುರಿಗೆ ಖಾಲಿ ಇದ್ದದ್ದು ನೋಡಿ ಖಾಜಾ ಹಿಂದೆ ಹಾಕಲು ಹೋದ. ಸರಿಯಾಗಿ ನಡುವೆ ಹೋದಾಗ ಕಾರು ಉಸಿರು ಬಿಟ್ಟಿತು. ಎದುರಿಗೆ ಲಾರಿ ಬಂತು. ಮುಂದೆ ಹೋಗಲು ಶಕ್ತಿ ಇಲ್ಲ, ಹಿಂದೆ ಇನ್ನೊಂದು ಗಾಡಿ ಹತ್ತಿಕೊಂಡಿದೆ. ಅವನು ಬಲಕ್ಕೆ ಹೊಲದೊಳಗೆ ಇಳಿಸಿದ. ಕಾರು ಉರುಳಲಿಲ್ಲ, ಯಾರ ಜೀವಕ್ಕೂ ಏನೂ ಆಗಲಿಲ್ಲ. ಸುವರ್ಣಾಳ ಹಣೆ ಗಾಜಿಗೆ ಬಡಿದು ಹುಬ್ಬಿನ ಮೇಲೆ ಹೊಲಿಗೆ ಬಿತ್ತು. ರಕ್ತ ಒರೆಸಲು ಖಾಜಾ ತನ್ನ ತಲೆಯ ಟೊಪ್ಪಿಗೆ ತೆಗೆದು ಕೊಟ್ಟನೆಂದು ಆಮೇಲೆ ಕೇಳಿದೆ.

ಕಾರನ್ನು ನನ್ನ ಗ್ಯಾರೇಜಿಗೆ ತಂದರು. ಈ ಸಲ ಸಾಹುಕಾರರೇ ಬಂದಿದ್ದರು. ಕೆಟ್ಟ ಮನುಷ್ಯರಲ್ಲ ಅವರು, ಆದರೆ ಆ ದಿನ ಅವರ ಕಣ್ಣು ನೋಡಲಾಗಲಿಲ್ಲ ನನಗೆ.

'ಶರಣಪ್ಪ, ನಿನಗ ತಿಳೀದಿದ್ರ ತಿಳೀಲಿಲ್ಲ ಅನ್ನು. ನಾ ಶೋರೂಮಿಗೆ ಒಯ್ತೇನಿ' ಅಂದರು.

ತಿಳಿಯಲಿಲ್ಲ ಅನ್ನುವುದಕ್ಕೆ ಏನು ಹೋಗುತ್ತಿತ್ತು? ಕಾರು ಹೋಗುತ್ತಿತ್ತು. ದೊಡ್ಡ ಮನೆಗಳ ಆಸೆ ಹೋಗುತ್ತಿತ್ತು. ಅಕ್ಕಪಕ್ಕದ ಅಂಗಡಿಯವರು ಆಗಲೇ ಬಂದು ಸುತ್ತ ನಿಂತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ — ನಾನು ಡೀಸೆಲ್ ಡೊಂಕು ಅಂದೆ.

'ಡೀಸೆಲ್ಲಿನ್ಯಾಗ ಏನೋ ಕೂಡಿದಂಗ ಕಾಣ್ತದರಿ.'

'ಡೀಸೆಲ್ ಹಾಕಸೋರು ಯಾರು?' ಅಂದರು ಸಾಹುಕಾರರು.

ನಾನು ಖಾಜಾನ ಕಡೆ ನೋಡಿದೆ, ಅಷ್ಟೇ. ನಾನು ಮಾಡಿದ್ದು ಅಷ್ಟೇ ಎಂದು ವರ್ಷಗಟ್ಟಲೆ ಹೇಳಿಕೊಂಡಿದ್ದೇನೆ. ನಾನು ಅವನಿಗೆ ಕಳ್ಳ ಅನ್ನಲಿಲ್ಲ, ಡೀಸೆಲ್ ಮಾರಿಕೊಂಡು ಸೀಮೆಎಣ್ಣೆ ಸುರಿದ ಅನ್ನಲಿಲ್ಲ, ಬೆರಳು ಸಹ ಮಾಡಲಿಲ್ಲ. ಆದರೆ ಸುತ್ತ ನಿಂತವರೆಲ್ಲ ನಾನು ನೋಡಿದ ಕಡೆಗೆ ತಿರುಗಿ ನೋಡಿದರು.

'ಸಾಹುಕಾರ್ರೆ, ನಾ ಹಂಗ...' ಎಂದು ಶುರು ಮಾಡಿದ ಖಾಜಾ ಅಲ್ಲಿಗೇ ನಿಲ್ಲಿಸಿದ. ಏನೋ ನೆನಪಾದವನ ಹಾಗೆ ಅವನ ಮುಖ ಬಿತ್ತು. ಆ ಮುಖ ನೋಡಿ ನನಗೇ ಒಂದು ಗಳಿಗೆ, ನಾನು ಹೇಳಿದ್ದು ಖರೇ ಇದ್ದರೂ ಇರಬಹುದು ಅನಿಸಿತು.

'ಚಾವಿ ಕೊಡು' ಅಂದರು ಸಾಹುಕಾರರು.

ಅವನು ಕಿಸೆಯಿಂದ ಚಾವಿ ತೆಗೆದು, ಅಂಗಿಗೆ ಒರೆಸಿ, ಎರಡೂ ಕೈಯಿಂದ ಕೊಟ್ಟ. ಆಮೇಲೆ ಬಸ್ ಸ್ಟ್ಯಾಂಡಿನ ಕಡೆ ನಡೆದುಕೊಂಡು ಹೋದ. ನನ್ನ ಕಡೆ ನೋಡಲಿಲ್ಲ — ಸಿಟ್ಟಿನಿಂದಲ್ಲ, ನಾಚಿಕೆಯಿಂದ.

ಇಲ್ಲಿಯವರೆಗಿನದು ಒಂದು ತಪ್ಪು. ತಿಳಿಯದೆ ಬಟ್ಟೆ ಕಟ್ಟಿದ್ದು, ಮರ್ಯಾದೆ ಉಳಿಸಿಕೊಳ್ಳಲು ಸುಳ್ಳು ಹೇಳಿದ್ದು. ನಿಜವಾದ ತಪ್ಪು ಮರುದಿನ ಬೆಳಿಗ್ಗೆಯದು.

ಹೊಲಕ್ಕೆ ನುಗ್ಗಿದ ಕಾರನ್ನು ಸಾಹುಕಾರರು ನನ್ನಲ್ಲೇ ಬಿಟ್ಟುಹೋಗಿದ್ದರು. ಅದರ ಮುಂದಿನ ಜಾಲರಿಯಲ್ಲಿ ಮಣ್ಣು, ಕಸ ಸಿಕ್ಕಿತ್ತು. ತೊಳೆಯಲೆಂದು ಜಾಲರಿ ಬಿಚ್ಚಿದೆ. ಕೊಳವೆಯ ಬಾಯಿ ಬರಿದಾಗಿತ್ತು. ಕೆಳಗೆ ಟ್ಯೂಬಿನ ರಿಂಗು ಕಾವಿಗೆ ಸೀಳಿ ಜೋತುಬಿದ್ದಿತ್ತು.  ಬೆರಳು ಒಳಗೆ ಹಾಕಿದರೆ ಬಟ್ಟೆಯ ತುದಿ ಸಿಕ್ಕಿತು. ಹಸಿರು ಅಂಚಿನ ಧೋತರ — ನನ್ನ ಅಪ್ಪನದು, ನಾನೇ ಹರಿದಿಟ್ಟುಕೊಂಡದ್ದು. ಹಳೆಯ ಜೀಪು ಗಾಳಿಯನ್ನು ಮೆಲ್ಲಗೆ ಎಳೆಯುತ್ತದೆ. ಈ ಕಾರಿನ ಟರ್ಬೋ ಎಳೆಯುವ ರಭಸ ಬೇರೆ. ರಿಂಗು ಹರಿದ ಮೇಲೆ ಬಟ್ಟೆ ಒಳಗೆ ಹೋಗಿ ತಿರುವಿನಲ್ಲಿ ಕೂತಿದೆ. ಸುಮ್ಮನೆ ಹೋದರೆ ಒಂದು ಬದಿಗೆ ಬಿದ್ದಿರುತ್ತದೆ, ಜೋರು ಒತ್ತಿದರೆ ಎದ್ದು ಬಂದು ದಾರಿ ಮುಚ್ಚುತ್ತದೆ, ಬಂದ್ ಮಾಡಿದರೆ ಮತ್ತೆ ಬೀಳುತ್ತದೆ. ಖಾಜಾ ಹೇಳಿದ ಹಾಗೆ, ಅಕ್ಷರ ಅಕ್ಷರಕ್ಕೂ.

ಆಗ ಅವನು ಇನ್ನೂ ಕರಜಗಿಯಲ್ಲೇ ಇದ್ದ. ಸಾಹುಕಾರರ ಮನೆಯೂ ಅಲ್ಲೇ. ಆ ಬಟ್ಟೆ ಹಿಡಿದುಕೊಂಡು ಹೋಗಿದ್ದರೆ ಸಂಜೆಯೊಳಗೆ ಚಾವಿ ಅವನ ಕಿಸೆಗೆ ವಾಪಸ್ ಬರುತ್ತಿತ್ತು. ನಾನು ಏನು ಮಾಡಿದೆ ಗೊತ್ತೇ? ಆ ಧೋತರದ ತುಂಡಿನಿಂದ ಕೈ ಒರೆಸಿಕೊಂಡೆ. ಒರೆಸಿ ಎಣ್ಣೆ ಬಟ್ಟೆಗಳ ಡ್ರಮ್ಮಿಗೆ ಎಸೆದೆ. ಡೀಸೆಲ್ ಟ್ಯಾಂಕು ಇಳಿಸಿ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ ಅಂಗಳದಲ್ಲಿಟ್ಟು ತೊಳೆದೆ. 'ಟ್ಯಾಂಕ ತೊಳದೇನ್ರಿ, ಇನ್ನ ಏನೂ ಆಗಂಗಿಲ್ಲ' ಎಂದು ಸಾಹುಕಾರರಿಗೆ ಹೇಳಿದೆ.

ಏನೂ ಆಗಲಿಲ್ಲ. ಅದೇ ಖಾಜಾನಿಗೆ ಮುಳುವಾಯಿತು. ಅವನು ಇದ್ದಾಗ ಕೆಡುತ್ತಿದ್ದ ಕಾರು ಅವನು ಹೋದ ಮೇಲೆ ಒಂದು ಸಲವೂ ಕೆಡಲಿಲ್ಲ. ಇದಕ್ಕಿಂತ ಸಾಕ್ಷಿ ಊರಿಗೆ ಏನು ಬೇಕು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಬರೆ ಹಾಕಿದ ಮೇಲೆ ಎತ್ತಿನ ಜ್ವರ ಇಳಿದದ್ದನ್ನು ಎಲ್ಲರೂ ಕಣ್ಣಾರೆ ಕಂಡರು. ಅವನನ್ನು ಯಾರೂ ಡ್ರೈವರ್ ಕೆಲಸಕ್ಕೆ ಇಟ್ಟುಕೊಳ್ಳಲಿಲ್ಲ. ನನ್ನ ಗ್ಯಾರೇಜಿಗೆ ದೊಡ್ಡ ಮನೆಗಳ ಕಾರುಗಳು ಬಂದವು.

ಖಾಜಾ ಹೆಂಡತಿಯ ತವರು ಕೊಳಕೂರಿಗೆ ಹೋದ, ಜೇವರ್ಗಿ ಕಡೆ. ಒಂದು ಸಣ್ಣ ಗೂಡ್ಸ್ ಗಾಡಿ ಮಾಡಿಕೊಂಡ. ಅವನ ತಾಯಿ ಕರಜಗಿಯಲ್ಲೇ ಉಳಿದಿದ್ದರು. ಅವರನ್ನು ನೋಡಲು ಬರುವಾಗ ನನ್ನ ಗ್ಯಾರೇಜಿನ ಮುಂದೆ ಎರಡು ಹಾರ್ನ್ ಒತ್ತುವುದನ್ನು ಮಾತ್ರ ಬಿಡಲಿಲ್ಲ. ಗಾಡಿಯ ರಿಪೇರಿಗೂ ನನ್ನ ಹತ್ತಿರವೇ ಬರುತ್ತಿದ್ದ. 'ನನ್ನ ಗಾಡಿಗೆ ಕೈ ಹಚ್ಚಿದ್ರ ಮಿಸ್ತ್ರೀನ ಹಚ್ಚಬೇಕು' ಅನ್ನುತ್ತಿದ್ದ.

ಆ ಗಾಡಿಯಲ್ಲಿ ಡ್ರೈವರ್ ಪಕ್ಕದ ಸೀಟಿನ ಮೇಲೆ ಅವನು ಸ್ಟೆಪ್ನಿ ಇಟ್ಟು ಹಗ್ಗದಿಂದ ಕಟ್ಟಿರುತ್ತಿದ್ದ. ಹಿಂದೆ ಅಷ್ಟು ಜಾಗ ಇರುವಾಗ ಟಾಯರನ್ನು ಸೀಟಿನ ಮೇಲೆ ಯಾಕೆ ಕೂಡಿಸಿದ್ದೀ ಎಂದು ಒಮ್ಮೆ ಕೇಳಿದೆ.

'ಅಲ್ಲಿ ಮಂದಿ ಕೂಡಬಾರ್ದು ಅಂತ' ಅಂದ. ಹಗ್ಗದ ಗಂಟು ಬಿಗಿಮಾಡುತ್ತ ಹೇಳಿದ: 'ಮಿಸ್ತ್ರಿ, ಖರೇ ಹೇಳ್ತೇನಿ, ನಾ ಕಳವ ಮಾಡಿಲ್ಲ. ಆದ್ರ ರಾಶಿ ಟೈಮಿನ್ಯಾಗ ಒಂದ ಸಲ ಪಂಪ ಬಂದ್ ಇತ್ತು. ದಾರ್ಯಾಗ ಡ್ರಮ್ಮಿನ ಡೀಸೆಲ್ ಹಾಕಿಸಿದ್ನಿ. ಅದರಾಗ ಏನ ಇತ್ತೋ ಏನೋ. ನನ್ನಿಂದ ಹುಡುಗಿ ಹಣಿ ಒಡೀತು. ಜೀವಾನ ಹೋಗ್ತಿತ್ತು. ಇನ್ನ ನನ್ನ ಗಾಡ್ಯಾಗ ಮಂದೀನ ಕೂಡ್ಸಂಗಿಲ್ಲ ನಾ.'

ಹೆಂಡತಿಯನ್ನೂ ಕೂಡಿಸುತ್ತಿರಲಿಲ್ಲ. ಆಕೆ ಬಸ್ಸಿನಲ್ಲಿ ಬರುತ್ತಿದ್ದಳು, ಅವನು ಖಾಲಿ ಗಾಡಿ ಓಡಿಸಿಕೊಂಡು ಬರುತ್ತಿದ್ದ. ಸ್ಟ್ಯಾಂಡಿನ ಮಂದಿ ಅದನ್ನೂ ಹೇಳಿ ನಗುತ್ತಿದ್ದರು.

ಆಗ ನಾನು ಹೇಳಬೇಕಿತ್ತು. ನಾವಿಬ್ಬರೇ ಇದ್ದೆವು, ಅವನೇ ಬಾಗಿಲು ತೆಗೆದು ಕೊಟ್ಟಿದ್ದ. ನನ್ನ ನಾಲಗೆ — ನನ್ನ ನಾಲಗೆ ಅಂದದ್ದು ಇಷ್ಟು: 'ಹೋಗ್ಲಿ ಬಿಡೋ ಖಾಜಾ. ಆದದ್ದಾತು. ಮನಸ್ಸಿಗೆ ಹಚ್ಕೋಬ್ಯಾಡ.' ನಾನು ಅವನನ್ನು ಕ್ಷಮಿಸಿದೆ. ಅವನು ನನ್ನ ಕೈ ಹಿಡಿದು ಕಣ್ಣು ತುಂಬಿಕೊಂಡ. ಆ ಕೈಯ ಬಿಸಿ ನನಗೆ ಇವತ್ತಿಗೂ ಹೋಗಿಲ್ಲ.

ಸುವರ್ಣಾಳ ಮದುವೆ ಗೊತ್ತಾದಾಗ ಆಕೆಯೇ ನನಗೆ ಫೋನು ಮಾಡಿದಳು. ಮದುವೆಯ ದಿನ ತನ್ನ ಕಾರನ್ನು ಖಾಜಾ ಕಾಕಾನೇ ಓಡಿಸಬೇಕು, ಅಪ್ಪನನ್ನು ಒಪ್ಪಿಸಿದ್ದೇನೆ, ನೀವು ಕಾಕಾನನ್ನು ಒಪ್ಪಿಸಿ ಅಂದಳು. ಅವನಿಗೆ ಹೇಳಿದೆ. 

'ಆಕೀಗೆ ಹೇಳು, ಖಾಜಾ ಕಾಕಾ ದುವಾ ಮಾಡ್ಯಾನಂತ. ಕಾರ್ ಮಾತ್ರ ಬ್ಯಾಡ.'

ಕಡೆಗೆ ಕಾರನ್ನು ನಾನು ಓಡಿಸಿದೆ. ಅದೇ ಬಿಳಿ ಕಾರು, ಹೂವಿನ ಸರ ಇಳಿಬಿಟ್ಟಿದ್ದರು. ನಮ್ಮಲ್ಲಿ ಮದುಮಗಳ ಗಾಡಿ ಓಡಿಸಿದವನಿಗೆ ಆಯೇರಿ ಕೊಡುವುದು ರೂಢಿ. ಸಾಹುಕಾರರ ಹೆಂಡತಿ ಅಂಗಿ ಬಟ್ಟೆ, ರುಮಾಲು ತಟ್ಟೆಯಲ್ಲಿಟ್ಟು, ಕುಂಕುಮ ಹಚ್ಚಿ ಕೊಟ್ಟರು. ಬೇರೊಬ್ಬನದನ್ನು ಎರಡೂ ಕೈ ಚಾಚಿ ತೆಗೆದುಕೊಂಡೆ. ದಾರಿಯಲ್ಲಿ ಕನ್ನಡಿಯಲ್ಲಿ ಸುವರ್ಣಾಳ ಮುಖ ಕಂಡಿತು, ಹುಬ್ಬಿನ ಮೇಲೆ ಆ ಗೆರೆ.

'ಕಾಕಾ ಬರ್ಲಿಲ್ಲಲ್ರಿ' ಅಂದಳು. 'ತಪ್ಪ ಎಲ್ರಿಂದನೂ ಆಗ್ತದ. ನಾ ಅದನ್ನ ಮನಸ್ಸಿನ್ಯಾಗ ಇಟ್ಕೊಂಡಿಲ್ಲ ಅಂತ ಅವರಿಗೆ ಹೇಳ್ರಿ.'

ಈಕೆಯೂ ಅವನನ್ನು ಕ್ಷಮಿಸಿದ್ದಳು. ಇಷ್ಟು ವರ್ಷ ಎಲ್ಲರೂ ಸರದಿಯಂತೆ ಅವನನ್ನು ಕ್ಷಮಿಸುತ್ತಲೇ ಬಂದಿದ್ದೆವು. ನನಗೆ ರಸ್ತೆ ಕಾಣದಾಯಿತು. ಕಾರು ಬದಿಗೆ ನಿಲ್ಲಿಸಿ, ಗಾಜು ಒರೆಸುವ ನೆಪದಲ್ಲಿ ಕೆಳಗಿಳಿದು, ಬೆನ್ನು ತಿರುಗಿಸಿ ಅತ್ತೆ.

ಮದುವೆಯ ಗದ್ದಲ ಇಳಿದ ಮೇಲೆ ಮೊದಲು ಸಾಹುಕಾರರ ಮನೆಗೆ ಹೋದೆ. ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಕೂತಿದ್ದರು. ಎಲ್ಲ ಹೇಳಿದೆ — ಬಟ್ಟೆ, ಟ್ಯೂಬಿನ ರಿಂಗು, ತೊಳೆದ ಟ್ಯಾಂಕು. ಅವರು ನನಗೆ ಬೈಯಲಿಲ್ಲ.

'ನೀ ಹೇಳಿದಿ, ನಾ ನಂಬಿದ್ನಿ' ಅಂದರು. 'ಅಂವ ಏನೋ ಹೇಳಾಕ ಬಾಯಿ ತಗದಿದ್ದ. ನಾ ಕೇಳ್ಲಿಲ್ಲ.' ಆಮೇಲೆ ಇಷ್ಟೇ ಅಂದರು: 'ಮೊದಲ ನೀ ಹೋಗು ಅವನ ಕಡೆ. ಹಿಂದಿನಿಂದ ನಾ ಬರ್ತೇನಿ.'

ಒಳಗೆ ತಿರುಗಿ ಚಹಾ ತರ್ರಿ ಅನ್ನಲಿಲ್ಲ. ಆ ಮನೆಯಿಂದ ಚಹಾ ಕುಡಿಯದೆ ಎದ್ದು ಬಂದದ್ದು ಅದೇ ಮೊದಲು.

ಕೊಳಕೂರಿನಲ್ಲಿ ಖಾಜಾ ಗಾಡಿಗೆ ಹತ್ತಿಯ ಚೀಲ ಏರಿಸುತ್ತಿದ್ದ. ನನ್ನನ್ನು ಕಂಡು ನಗುತ್ತ ಬಂದ, ಒಳಗೆ ಕರೆದ. ನಾನು ಅಂಗಳದಲ್ಲೇ ನಿಂತು ಹೇಳಿದೆ. ಒಳಗೆ ಹೋದರೆ ಅವನ ಹೆಂಡತಿ ನೀರು ಕೊಡುತ್ತಾಳೆ, ಆ ನೀರು ಕುಡಿದು ಹೇಳಲಾಗದು ಅಂತ. ಕೈ ಒರೆಸಿಕೊಂಡದ್ದನ್ನೂ ಹೇಳಿದೆ. ಅವನನ್ನು ಕ್ಷಮಿಸಿದ ದಿನದ ಮಾತನ್ನೂ ಬಿಡಲಿಲ್ಲ. ಹೊಡೆಯುತ್ತಾನೆ ಅಂದುಕೊಂಡಿದ್ದೆ, ಹೊಡೆಯಲಿ ಅಂತಲೇ ಹೋಗಿದ್ದೆ.

ಅವನು ಹತ್ತಿಯ ಚೀಲದ ಮೇಲೆ ಕೂತ. ಒಂದೇ ಮಾತು ಕೇಳಿದ.

'ಹಂಗಾದ್ರ ಅವತ್ತ... ನಾ ಚಲೋನ ಹೊಡ್ದಿದ್ನೇನು ಗಾಡಿ?'

'ಚಲೋ ಹೊಡ್ದಿದ್ದಿ ಖಾಜಾ. ನೀ ಇದ್ದಿ ಅಂತ ಅವರು ಉಳದ್ರು.'

ಅವನು ಮುಖ ಮುಚ್ಚಿಕೊಂಡ. ಭುಜಗಳು ಅಲುಗುತ್ತಿದ್ದವು. ಹತ್ತಿರ ಹೋಗುವ ಹಕ್ಕು ನನಗೆ ಇರಲಿಲ್ಲ. ಆಯೇರಿಯ ಗಂಟನ್ನು ಕಟ್ಟೆಯ ಮೇಲಿಟ್ಟು, ಅದು ನಿನ್ನದು ಅಂದೆ. ಅವನು ತಲೆ ಎತ್ತಲಿಲ್ಲ. ನಾನು ಬಸ್ಸಿಗೆ ನಡೆದೆ.

ಸಾಹುಕಾರರು ಆಮೇಲೆ ಕೊಳಕೂರಿಗೆ ಹೋಗಿ ಬಂದರೆಂದು ಕೇಳಿದೆ. ಅಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲೂ ಹೋಗಿಲ್ಲ. ಅವರ ಕಾರು ಈಗ ನನ್ನ ಗ್ಯಾರೇಜಿಗೆ ಬರುವುದಿಲ್ಲ. ಇದನ್ನು ಓದಿದ ಮೇಲೆ ಇನ್ನಷ್ಟು ಗಾಡಿಗಳು ಬರಲಿಕ್ಕಿಲ್ಲ. ಅದು ಸರಿಯೇ. ಬರುವವರಿಗೆ ತಿಳಿಯದ್ದನ್ನು ತಿಳಿಯದು ಎಂದೇ ಹೇಳಿ ಕಳಿಸುತ್ತಿದ್ದೇನೆ. ಚಹಾದಂಗಡಿಯಲ್ಲಿ ಯಾರಾದರೂ ಖಾಜಾನ ಹೆಸರು ತೆಗೆದರೆ ದಯವಿಟ್ಟು ಇದನ್ನು ಓದಿ ಹೇಳಿ. ನನ್ನ ಹೆಸರು ತೆಗೆದೇ ಹೇಳಿ.

ಮೊನ್ನೆ ಬೆಳಿಗ್ಗೆ ಅವನ ಗಾಡಿ ಕರಜಗಿಯ ಕಡೆ ಹೋಯಿತು. ನಾನು ಹೊರಗೇ ನಿಂತಿದ್ದೆ. ಸ್ಟೆಪ್ನಿ ಹಿಂದಿನ ಡಬ್ಬಿಯಲ್ಲಿ ಬಿದ್ದಿತ್ತು. ಪಕ್ಕದ ಸೀಟಿನಲ್ಲಿ ಅವನ ಹೆಂಡತಿ ಕೂತಿದ್ದಳು, ಮಡಿಲಲ್ಲಿ ಗಂಟು ಇಟ್ಟುಕೊಂಡು, ಏನೋ ಹೇಳಿ ನಗುತ್ತಿದ್ದಳು. ಗಾಡಿ ನನ್ನ ಅಂಗಳದ ಮುಂದೆ ನಿಧಾನ ಆಗಲಿಲ್ಲ, ಹಾರ್ನೂ ಕೇಳಲಿಲ್ಲ.